ಮೀಸಲು ಬಿಯರ್

ನಮ್ಮವರು ಹೊಸ ಬಕೆಟ್ಟಿಗೆ ಯಾವತ್ತೂ ದುಡ್ಡು ಕೊಟ್ಟವರಲ್ಲ. ಯಾರೋ ಬೀದಿಗಿಟ್ಟದ್ದನ್ನು ಹೊತ್ತು ತಂದು, ತೊಳೆದು, ಅದರಲ್ಲೇ ಬಿಯರ್ ಮಾಡುತ್ತಿದ್ದರು. ಮೂರು ಊರಲ್ಲಿ ಹಾಗೆ ಮಾಡಿದರು. ಪರ್ತ್‌ನಲ್ಲಿ, ಬ್ರಿಸ್ಬೇನ್‌ನಲ್ಲಿ, ಕಡೆಗೆ ಅಡಿಲೇಡ್‌ನಲ್ಲಿ. ಹೋದ ವರ್ಷ ಜುಲೈನಲ್ಲಿ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಹೆಸರು ವಸಂತಕುಮಾರ್. ಬಾಯಲ್ಲಿ ನಾನು ಹೇಳುವುದಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ. ಮೈಸೂರಿನವರು, ಐಟಿಐ ಓದಿದ ವೆಲ್ಡರ್. ನಾನು ಏಳನೇ ಕ್ಲಾಸು. ಪರ್ತ್‌ನಲ್ಲಿ ಹಡಗು ಕಟ್ಟುವವರಿಗೆ ವೆಲ್ಡರ್‌ಗಳು ಬೇಕಾಗಿದ್ದರು, ಕರೆದರು, ಹೋದೆವು. ಮಗಳು ಅನನ್ಯಾ ಆಗ ಶಿಶುವಿಹಾರದ ಕೂಸು.

ಇಲ್ಲಿ ಆಗಾಗ ಬೀದಿಯವರೆಲ್ಲ ಬೇಡದ ಸಾಮಾನನ್ನು ಮನೆ ಮುಂದಿನ ಹುಲ್ಲಿನ ಮೇಲೆ ಇಡುತ್ತಾರೆ. ಲಾರಿ ಬಂದು ಎತ್ತುವುದಕ್ಕೆ ಮುಂಚೆ ಬೇಕಾದವರು ತೆಗೆದುಕೊಂಡು ಹೋಗುತ್ತಾರೆ. ಅದಕ್ಕೆ ಪರ್ತ್‌ನಲ್ಲಿ ವರ್ಜ್ ಅನ್ನುತ್ತಾರೆ, ಬ್ರಿಸ್ಬೇನ್‌ನಲ್ಲಿ ಕರ್ಬ್‌ಸೈಡ್, ಅಡಿಲೇಡ್‌ನಲ್ಲಿ ಹಾರ್ಡ್ ರಬ್ಬಿಶ್. ನಮ್ಮವರು ಮೂರಕ್ಕೂ ಸಂತೆ ಅಂತಲೇ ಅನ್ನುತ್ತಿದ್ದರು. "ಸಂತೆಗೆ ಹೋಗ್ಬರ್ತೀನಿ ಕಣೇ" ಅಂತ ಹೊರಟರೆ ಕುರ್ಚಿಯೋ ಫ್ಯಾನೋ ಹೆಗಲ ಮೇಲೆ ಬರುತ್ತಿತ್ತು.

ಪರ್ತ್‌ನಲ್ಲಿ ಒಂದು ದಿನ ಬಿಳೀ ದೊಡ್ಡ ಬಕೆಟ್ಟು ಬಂತು. ಬಿಗಿ ಮುಚ್ಚಳ, ತಳದಲ್ಲಿ ನಲ್ಲಿ. ಕುಡಿಯುವ ನೀರಿಗೆ ಒಳ್ಳೆಯದಾಯಿತು ಅಂದರು. ನೀರು ತುಂಬಿಟ್ಟು ಕುಡಿದೆವು. ಏನೋ ಹಳಸಲು ವಾಸನೆ. ಇಲ್ಲಿನ ನೀರೇ ಹೀಗೆ ಅಂದುಕೊಂಡೆವು. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಬಿಳಿಯ ಮುದುಕ ಮನೆಗೆ ಬಂದವನು ಆ ನಲ್ಲಿಯಿಂದ ನೀರು ಹಿಡಿದು ಕೊಟ್ಟದ್ದು ನೋಡಿ ಕೂತಲ್ಲೇ ನಕ್ಕ. ಅದು ಬಿಯರ್ ಹುಳಿಯಿಡುವ ಬಕೆಟ್ಟು. ಮಾಡುವುದನ್ನು ಅವನೇ ಹೇಳಿಕೊಟ್ಟ.

ಮಾಡುವುದು ದೊಡ್ಡ ವಿದ್ಯೆಯಲ್ಲ. ಡಬ್ಬಿಯಲ್ಲಿ ಕಾಕಂಬಿಯಂಥ ಮಾಲ್ಟ್ ಸಿಗುತ್ತದೆ. ಬಿಸಿನೀರು, ಸಕ್ಕರೆ, ಆಮೇಲೆ ತಣ್ಣೀರು. ಮೇಲೆ ಯೀಸ್ಟ್ ಉದುರಿಸಿ ಮುಚ್ಚಿಡುವುದು. ಬುರುಗು ಎದ್ದು ಇಳಿದ ಮೇಲೆ ಬಾಟಲಿಗೆ ತುಂಬಿ ಇನ್ನಷ್ಟು ದಿನ ಬಿಡುವುದು. ಅಂಗಡಿ ಬಿಯರ್ ಇಲ್ಲಿ ದುಬಾರಿ. ಇದು ಅಗ್ಗ.

ಆದರೆ ಸೆಕೆಗೆ ಅದು ಕೆಡುತ್ತದೆ. ಪರ್ತ್‌ನಲ್ಲಿ ಬಕೆಟ್ಟನ್ನು ನೀರಿನ ಟಬ್ಬಿನಲ್ಲಿ ನಿಲ್ಲಿಸಿ, ಒದ್ದೆ ಟವೆಲ್ ಸುತ್ತಿ ಫ್ಯಾನ್ ಬಿಡುತ್ತಿದ್ದರು. ಮಗಳಿಗೆ ಜ್ವರ ಬಂದಾಗಲೂ ಅಷ್ಟು ಸಲ ಎದ್ದು ನೋಡಿದವರಲ್ಲ. ಬ್ರಿಸ್ಬೇನ್‌ಗೆ ಹೋದರೆ ಅಲ್ಲಿನ ಗಾಳಿಗೆ ಟವೆಲ್ ಒಣಗುವುದೇ ಇಲ್ಲ, ಬಕೆಟ್ಟು ತಣಿಯುವುದೂ ಇಲ್ಲ. ಸಂತೆಯಿಂದ ಕೆಟ್ಟ ಫ್ರಿಜ್ ತಂದು, ಅದರೊಳಗೆ ಬಕೆಟ್ಟಿಟ್ಟು, ಪಕ್ಕದಲ್ಲಿ ಐಸ್ ಕಟ್ಟಿದ ನೀರಿನ ಬಾಟಲಿ ಇಡುತ್ತಿದ್ದರು.

ಊರು ಬದಲಿಸುವಾಗೆಲ್ಲ ಅದನ್ನೆಲ್ಲ ಬೀದಿಗೇ ಇಟ್ಟು ಬರುತ್ತಿದ್ದರು. ಬೀದಿಯಿಂದ ಬಂದದ್ದು ಬೀದಿಗೆ. ಹೊಸ ಊರಲ್ಲಿ ಮತ್ತೆ ಸಂತೆ.

ಬ್ರಿಸ್ಬೇನ್‌ನಲ್ಲಿ ನಾವಿದ್ದದ್ದು ಕ್ಯಾಲಮ್‌ವೇಲ್. ಪಕ್ಕದ ಮನೆ ಗಿಲ್ಬರ್ಟ್ ಅಣ್ಣನದು. ಉಡುಪಿ ಕಡೆಯ ಕ್ರಿಶ್ಚಿಯನ್ನರು, ಮಸ್ಕತ್ತಿನಲ್ಲಿದ್ದು ಬಂದವರು. ಬ್ರಿಸ್ಬೇನ್‌ನಲ್ಲಿ ಮೊದಲು ಬಕೆಟ್ಟು ಸಿಗಲಿಲ್ಲ ಅಂತ ನಮ್ಮವರು ಸನ್ನಿಬ್ಯಾಂಕ್‌ನ ಒಂದು ಚೀನೀ ಹೋಟೆಲಿನ ಹಿಂದೆ ಇಟ್ಟಿದ್ದ ಸೋಯಾ ಸಾಸಿನ ಡ್ರಮ್ಮು ಕೇಳಿ ತಂದರು. ಎಷ್ಟು ಉಜ್ಜಿದರೂ ವಾಸನೆ ಹೋಗಲಿಲ್ಲ. ಅದರಲ್ಲೇ ಮಾಡಿದರು. ಗಿಲ್ಬರ್ಟ್ ಅಣ್ಣ ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದರು.

"ಇದಕ್ಕೆ ಒಂದು ಪ್ಲೇಟು ನೂಡಲ್ಸ್ ಬೇಕಿತ್ತು ಮಾರಾಯ್ರೆ."

"ಸುಮ್ನೆ ಕುಡೀರಿ ಅಣ್ಣ, ಬಿಟ್ಟಿ ಬಂದಿರೋದು" ಅಂದರು ನಮ್ಮವರು.

ನಾನು ಅದನ್ನು ಒಂದು ಹನಿಯೂ ಕುಡಿದವಳಲ್ಲ. ಅವರು ಬಲವಂತ ಮಾಡಿದವರೂ ಅಲ್ಲ. ಲೋಟ ಚಾಚಿ "ಮೂಸು ನೋಡು" ಅನ್ನುತ್ತಿದ್ದರು. ಮೂಸುತ್ತಿದ್ದೆ. ವಾಸನೆ ಗೊತ್ತು, ರುಚಿ ಗೊತ್ತಿಲ್ಲ. ಅನನ್ಯಾಗೆ ಗೊತ್ತು. ದೊಡ್ಡವಳಾದ ಮೇಲೆ ಅಪ್ಪನ ಜೊತೆ ಶೆಡ್ಡಿನಲ್ಲಿ ಕೂತು ಕುಡಿಯುತ್ತಿದ್ದಳು.

ಇನ್ನು ಎಡೆಯ ಮಾತು. ನಮ್ಮ ಕಡೆ ಪಿತೃಪಕ್ಷದ ಅಮಾವಾಸ್ಯೆಗೆ ಹೋದವರಿಗೆ ಎಡೆ ಇಡುತ್ತೇವೆ. ಅವರು ಇದ್ದಾಗ ಏನು ತಿನ್ನುತ್ತಿದ್ದರೋ, ಏನು ಕುಡಿಯುತ್ತಿದ್ದರೋ, ಅದು ಎಲೆಯ ಮುಂದೆ ಇರಬೇಕು. ಬಾಡು, ಬೀಡಿ, ಬ್ರಾಂದಿ. ಅದರಲ್ಲಿ ನಾಚಿಕೆ ಇಲ್ಲ. ಎಡೆಗೆ ಮೀಸಲಾದದ್ದನ್ನು ಮೊದಲು ಯಾರೂ ಬಾಯಿಗೆ ಹಾಕಬಾರದು. ಅಡುಗೆಯ ಉಪ್ಪು ಕೂಡ ನೋಡಬಾರದು. ನೋಡಿದರೆ ಎಂಜಲು.

ನಮ್ಮ ಮಾವನವರು ಬ್ರಾಂದಿಯವರು. ಪರ್ತ್‌ನಲ್ಲಿ ನಮ್ಮವರು ಅಪ್ಪನ ಎಡೆಗೆ ತಮ್ಮ ಬಿಯರ್ ಇಟ್ಟರು.

"ಬ್ರಾಂದಿ ಕುಡಿಯೋರಿಗೆ ಬಿಯರ್ ಇಡ್ತೀರಲ್ಲ ರೀ" ಅಂದೆ.

"ಮಗ ಕೈಯಾರೆ ಮಾಡಿದ್ದು ಕಣೇ. ಬಯ್ಕೊಂಡಾದ್ರೂ ಕುಡೀತಾರೆ."

ಮುಂದೆ ಪ್ರತಿ ವರ್ಷ ಅದೇ ಆಯಿತು. ಅಮಾವಾಸ್ಯೆ ಹತ್ತಿರವಿದ್ದಾಗ ತುಂಬಿದ ಮೊದಲ ಬಾಟಲಿ ಅಪ್ಪನದು. ಒಂದು ಸಲ ಕ್ಯಾಲಮ್‌ವೇಲ್‌ನಲ್ಲಿ ಬಾಟಲಿ ತುಂಬುತ್ತಾ ನನಗೆ ಹೇಳಿದರು:

"ಲೇ ಸುಭದ್ರಿ, ನಾನು ಹೋದ್ಮೇಲೆ ನಂಗೆ ಅಂಗಡಿ ಬಿಯರ್ ಇಟ್ಟೆ ಅಂದ್ರೆ ನಾನ್ ಬರೋದೇ ಇಲ್ಲ ನೋಡು."

"ಬರ್ಬೇಡಿ ಬಿಡಿ. ನೀರಿಡ್ತೀನಿ" ಅಂದೆ.

ಗಿಲ್ಬರ್ಟ್ ಅಣ್ಣ ಅಲ್ಲೇ ಇದ್ದರು. "ನಮ್ಮಲ್ಲಿ ಸತ್ತವರಿಗೆ ಒಂದು ಮೇಣದ ಬತ್ತಿ, ಒಂದು ಪೂಜೆ, ಮುಗೀತು. ನಿಮಗಾದರೆ ಬಾಡು, ಬಿಯರ್. ನಾನು ತಪ್ಪು ಮನೆಯಲ್ಲಿ ಹುಟ್ಟಿದ್ದು ಮಾರಾಯ್ರೆ" ಅಂದರು. ಎಲ್ಲರೂ ನಕ್ಕೆವು.

ಈಗ ಅದು ನಗುವ ಮಾತಲ್ಲ. ಹೋದವರಿಗೆ ಮೊದಲ ವರ್ಷ ಎಡೆ ಇಲ್ಲ. ವರ್ಷ ತುಂಬಿದ ಮೇಲೆ ಹಿರಿಯರ ಸಾಲಿಗೆ ಸೇರುತ್ತಾರೆ. ಈ ಸಲ ಅವರ ಮೊದಲ ಎಡೆ. ಅವರ ಕಡೆಯ ಬಾಟಲಿಗಳನ್ನು ತಿಥಿಗೆ ಬಂದ ಜೊತೆಗಾರರೇ ಕುಡಿದು ಮುಗಿಸಿದ್ದರು. ಅಡಿಲೇಡ್‌ನಲ್ಲಿ ಸ್ಯಾಲಿಸ್‌ಬರಿಯ ಬಾಡಿಗೆ ಮನೆ ಬಿಟ್ಟು ಅದೇ ಊರಿನ ಸಣ್ಣ ಯೂನಿಟ್ಟಿಗೆ ನಾವಿಬ್ಬರೂ ಬಂದಾಗ, ಶೆಡ್ಡಿನ ಬಕೆಟ್ಟು, ಕೊಳವೆ, ಕೆಟ್ಟ ಫ್ರಿಜ್ ಎಲ್ಲ ಎಂದಿನಂತೆ ಬೀದಿಗೆ ಹೋದವು. ಅವರಿದ್ದರೂ ಅದನ್ನೇ ಮಾಡುತ್ತಿದ್ದರು.

ಆಗಸ್ಟಿನಲ್ಲಿ ಅನನ್ಯಾಗೆ ಹೇಳಿದೆ, ಬಿಯರ್ ಮಾಡಬೇಕು ಅಂತ. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನನ್ನ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

"ಅಮ್ಮ, ಜಸ್ಟ್ ಬೈ ಎ ಸಿಕ್ಸ್‌ಪ್ಯಾಕ್."

"ಅಂಗಡೀದು ಇಟ್ಟರೆ ಬರಲ್ಲ ಅಂದಿದಾರೆ."

"ಹೀ ವಾಸ್ ಜೋಕಿಂಗ್."

"ಜೋಕೋ ನಿಜಾನೋ ಕೇಳೋಣ ಅಂದ್ರೆ ಅವರಿಲ್ವಲ್ಲ."



ಗಿಲ್ಬರ್ಟ್ ಅಣ್ಣನಿಗೆ ಫೋನು ಮಾಡಿ, ಕಡಿಮೆ ಖರ್ಚಿನಲ್ಲಿ ಏನೇನು ಬೇಕು ಅಂತ ಕೇಳಿದೆ.

"ಹೊಳೆಯುವ ಸ್ಟೀಲಿಂದು ತೋರಿಸ್ತಾರೆ ಸುಭದ್ರಕ್ಕ, ಮರುಳಾಗ್ಬೇಡಿ. ಒಂದು ಬಕೆಟ್ಟು, ಒಂದು ನಲ್ಲಿ, ತೊಳೆಯುವ ಮದ್ದು, ಬಾಟಲಿ. ಬಾಕಿ ಎಲ್ಲ ಶೋಕಿ."

"ಹಾಳಾಗಿದ್ರೆ ಹೇಗೆ ಗೊತ್ತಾಗೋದು?"

"ಎಂತ ಗೊತ್ತಾಗ್ಲಿಕ್ಕೆ? ಬಾಟಲಿಗೆ ಹಾಕುವ ಮೊದಲು ಒಂದು ಗುಟುಕು ನಾಲಗೆಗೆ ಹಾಕಿ ನೋಡುದು."

"ಎಡೇದು ಅಣ್ಣ. ಬಾಯಿಗೆ ಹಾಕೋ ಹಾಗಿಲ್ಲ."

"ಹಾಗಾದರೆ ಕಣ್ಣು ಮುಚ್ಚಿ ಮಾಡುದು" ಅಂದರು.

ಅನನ್ಯಾ ಫೋನಿನಲ್ಲಿ ಹುಡುಕಿ, ಹತ್ತಿರದಲ್ಲೇ ಒಬ್ಬರು ಹಳೇ ಸಾಮಾನು ಪೂರ್ತಿ ಸೆಟ್ಟು ಅಗ್ಗಕ್ಕೆ ಕೊಡುತ್ತಾರೆ ಅಂದಳು. ಶನಿವಾರ ಹೋದೆವು. ಗ್ಯಾರೇಜಿನಲ್ಲಿ ಒಬ್ಬ ಹೆಂಗಸು. ಗಂಡ ಬಿಯರ್ ಬಿಟ್ಟು ವೈನಿಗೆ ಹೋದನಂತೆ. ಬಕೆಟ್ಟನ್ನು ಮುಂದಿಟ್ಟಳು. ಒಳಗೆ ಕಂದು ಬಣ್ಣದ ಗೆರೆ. ತಳ ತುಂಬ ಗೀರು.

ಮುಚ್ಚಳ ತೆಗೆದೆ. ಅದೇ ವಾಸನೆ. ಶೆಡ್ಡಿನಿಂದ ಒಳಗೆ ಬಂದಾಗ ಅವರ ಶರಟಿನಲ್ಲಿ ಇರುತ್ತಿದ್ದದ್ದು. ವರ್ಷದ ಮೇಲಾಗಿತ್ತು ಆ ವಾಸನೆ ಬಂದು. ಅವರ ಶರಟುಗಳಲ್ಲಿ ಅದು ಯಾವಾಗಲೋ ಹೋಗಿತ್ತು. ಬಕೆಟ್ಟಿನೊಳಗೆ ಮುಖವಿಟ್ಟು ನಿಂತೆ. ಆ ಹೆಂಗಸು ಮಗಳ ಮುಖ ನೋಡಿದಳು, ಮಗಳು ಗೋಡೆ ನೋಡಿದಳು. ನಾನು ಬೇಗ ತಲೆ ಎತ್ತಲಿಲ್ಲ.

"ತಗೊಳ್ಳೋಣ್ವಾ?" ಅಂದಳು ಅನನ್ಯಾ, ಕನ್ನಡದಲ್ಲಿ, ಮೆತ್ತಗೆ.

ಬೇಕು ಅನ್ನಿಸಿತು. ಮನೆಯ ಮೂಲೆಯಲ್ಲಿಟ್ಟುಕೊಂಡು ದಿನಾ ಮುಚ್ಚಳ ತೆಗೆಯಬಹುದಿತ್ತು. ಆದರೆ ಇನ್ನೊಬ್ಬರು ಕುಡಿದು ಬಿಟ್ಟದ್ದು. ಅದರಲ್ಲಿ ಅವರಿಗೆ ಎಡೆ ಇಡುವುದು ಹೇಗೆ? ಬದುಕಿದ್ದಾಗ ಬೀದಿಯದ್ದು ನಡೆಯಿತು. ಈಗ ಅವರು ಹಿರಿಯರು. ಬೇಡ ಅಂದೆ.

ಹಾಗೆಯೇ ಬಿಯರ್ ಸಾಮಾನಿನ ಅಂಗಡಿಗೆ ಹೋದೆವು. ಗಿಲ್ಬರ್ಟ್ ಅಣ್ಣ ಹೇಳಿದ ಹಾಗೇ ಆಯಿತು. ಅಂಗಡಿಯವನು ಮೊದಲು ಸ್ಟೀಲಿನದ್ದು ತೋರಿಸಿದ. ಇಡ್ಲಿ ಪಾತ್ರೆಯ ದೊಡ್ಡಣ್ಣನ ಹಾಗಿತ್ತು. ಅನನ್ಯಾ ಅದನ್ನು ಸವರುತ್ತಾ ನಿಂತಳು.

"ಹಳೇದು ಯಾವುದು ಆಗುತ್ತೆ, ಹೊಸದೇ ಆಗ್ಬೇಕಾದ್ದು ಯಾವುದು ಕೇಳು" ಅಂದೆ.

ಕೇಳಿದಳು. ಅವನು ಒಳ್ಳೆಯವನು, ಮಾರುವುದನ್ನು ಬಿಟ್ಟು ಪಾಠ ಹೇಳಿದ. ಗಾಜು, ಸ್ಟೀಲು ಹಳೆಯದಾದರೂ ನಡೆಯುತ್ತದೆ. ಪ್ಲಾಸ್ಟಿಕ್ ಮಾತ್ರ ಇನ್ನೊಬ್ಬರದು ತೆಗೆದುಕೊಳ್ಳಬೇಡಿ. ಗೀರುಗಳಲ್ಲಿ ಹಳೆಯ ಬಿಯರಿನ ಹುಳು ಕೂತಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಹೊಸದನ್ನೂ ಹುಳಿ ಮಾಡುತ್ತದೆ. ನಮ್ಮ ಅತ್ತೆ ಎಂಜಲು ಅನ್ನುತ್ತಿದ್ದದ್ದನ್ನೇ ಅವನು ಅವನ ಮಾತಿನಲ್ಲಿ ಹೇಳಿದ. ನನಗೆ ಸಮಾಧಾನವಾಯಿತು. ಗ್ಯಾರೇಜಿನ ಬಕೆಟ್ಟು ಬೇಡ ಅಂದದ್ದು ಸರಿ ಅನ್ನಿಸಿತು.

ಹೊಸ ಪ್ಲಾಸ್ಟಿಕ್ ಬಕೆಟ್ಟು ತೆಗೆದುಕೊಂಡೆ, ಸ್ಟೀಲಿಗಿಂತ ಎಷ್ಟೋ ಅಗ್ಗ. ಹೊಸ ನಲ್ಲಿ. ತೊಳೆಯುವ ಮದ್ದು. ಬಿಯರಿನಲ್ಲಿ ತೇಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಗಾಜಿನ ಕಡ್ಡಿ. ಮಾಲ್ಟಿನ ಡಬ್ಬಿ ಅವರು ತರುತ್ತಿದ್ದದ್ದೇ, ಅದರ ಹಳದಿ ಚೀಟಿ ನನಗೆ ಗುರುತಿತ್ತು. ಮುಚ್ಚಳದ ಮೇಲೆ ಕೂರಿಸುವ, ಗಾಳಿ ಹೊರಗೆ ಬಿಡುವ ಗಾಜಿನ ಕೊಳವೆ ಬೇಡ ಅಂದೆ. ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಕಟ್ಟಿ ಸೂಜಿಯಲ್ಲಿ ಒಂದು ತೂತು ಮಾಡಿದರೆ ಅದೇ ಕೆಲಸ ಆಗುತ್ತದೆ. ಅವರು ಹಾಗೇ ಮಾಡುತ್ತಿದ್ದದ್ದು.

ಉಳಿದದ್ದು ಬಾಟಲಿ. ಅಂಗಡಿಯ ಖಾಲಿ ಬಾಟಲಿಗೆ ಹೇಳಿದ ಬೆಲೆಗೆ ಸೂಪರ್‌ಮಾರ್ಕೆಟ್ಟಿನಲ್ಲಿ ತುಂಬಿದ ಸೋಡಾ ಬಾಟಲಿಯೇ ಬರುತ್ತದೆ. ಅದಕ್ಕೂ ಗಟ್ಟಿ ತಿರುಪು ಮುಚ್ಚಳ, ಮೇಲೆ ಮುಚ್ಚಳ ಒತ್ತುವ ಯಂತ್ರ ಬೇಡ. ಯಾರೂ ಬಾಯಿಟ್ಟಿಲ್ಲ. ತಂದು ಸೋಡಾವನ್ನು ಕರಿಬೇವಿನ ಕುಂಡಕ್ಕೆ ಸುರಿದೆ. ಅನನ್ಯಾ ಅದನ್ನು ವಿಡಿಯೋ ಮಾಡಿ ಗಿಲ್ಬರ್ಟ್ ಅಣ್ಣನಿಗೆ ಕಳಿಸಿದಳು. "ಕರಿಬೇವಿಗೆ ವಿಸ್ಕಿ ಯಾವಾಗ?" ಅಂತ ಅವರು ಬರೆದರು.

ಬಕೆಟ್ಟಿಗೆ ಅರಿಶಿನ ಕುಂಕುಮ ಇಟ್ಟೆ. ತೊಳೆಯುವ ಮದ್ದನ್ನು ನೀರಿಗೆ ಹಾಕಿದರೆ ಸೋಪಿನ ಹಾಗೆ ನೊರೆ ಬಂತು. ಆ ನೊರೆಯನ್ನು ಹಾಗೇ ಬಿಡಬೇಕು, ತೊಳೆಯಬಾರದು ಅಂತ ಅಂಗಡಿಯವನು ಹೇಳಿದ್ದ. ಎಡೆಯ ಪಾತ್ರೆಯಲ್ಲಿ ಸೋಪು ಬಿಡುವುದೇ? ಕೆಟಲಿನಲ್ಲಿ ನೀರು ಕುದಿಸಿ ಆರಿಸಿ ತೊಳೆದೆ. ಅನನ್ಯಾ ತಲೆ ಚಚ್ಚಿಕೊಂಡಳು.

ಆಗಸ್ಟು ಇಲ್ಲಿ ಚಳಿಯ ತಿಂಗಳು. ಚಳಿಗಾಲದಲ್ಲಿ ಇಡ್ಲಿ ಹಿಟ್ಟಿಗೆ ಹೊದಿಸುವ ಹಾಗೆ ಬಕೆಟ್ಟಿಗೆ ಅವರ ರಗ್ಗು ಸುತ್ತಿ, ಬಿಸಿನೀರಿನ ಟ್ಯಾಂಕಿನ ಪಕ್ಕ ಇಟ್ಟೆ. ಮೊದಲ ದಿನ ಸದ್ದಿಲ್ಲ. ಮಾರನೇ ದಿನವೂ ಇಲ್ಲ. ಕೆಟ್ಟಿತು ಅಂದುಕೊಂಡು ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದೆ. ಮಧ್ಯಾಹ್ನ ಪ್ಲಾಸ್ಟಿಕ್ ಹಾಳೆ ನಿಧಾನಕ್ಕೆ ಉಬ್ಬಿ ಬಂತು. ತೂತಿನಿಂದ ಸಣ್ಣಗೆ ಉಸಿರು. ಕಿವಿಯಿಟ್ಟು ಕೇಳಿದೆ. ಆಮೇಲಿನ ದಿನಗಳಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಅದರ ಜೊತೆ ಮಾತಾಡಿದೆ. ಮನೆಯಲ್ಲಿ ಮಗಳು ಇಲ್ಲದಾಗ.

ಗಾಜಿನ ಕಡ್ಡಿ ಬಿಟ್ಟು ನೋಡಲು ನಲ್ಲಿಯಿಂದ ಒಂದು ಲೋಟ ಹಿಡಿಯಬೇಕು. ಹಿಡಿದೆ. ಕಡ್ಡಿ ಇಳಿಯಬೇಕಾದಷ್ಟು ಇಳಿದಿತ್ತು. ಅನನ್ಯಾ ಆ ಲೋಟವನ್ನು ಬಾಯಿಗೆ ಎತ್ತಿದಳು. ಕೈ ಹಿಡಿದೆ.

"ಅಮ್ಮ, ಜಸ್ಟ್ ಎ ಸಿಪ್. ಕೆಟ್ಟಿದ್ರೆ ಇನ್ನೊಂದು ಮಾಡೋಕೆ ಟೈಮ್ ಇದೆ. ಆಮೇಲೆ ಇರಲ್ಲ."

ಅವಳು ಹೇಳಿದ್ದು ನಿಜ. ಕೆಟ್ಟಿದ್ದರೆ ಮೊದಲ ಎಡೆಗೇ ಕೆಟ್ಟದ್ದು ಇಟ್ಟ ಹಾಗಾಗುತ್ತದೆ. ರುಚಿ ನೋಡಿದರೆ ಎಂಜಲು ಇಟ್ಟ ಹಾಗೆ. ಲೋಟ ಕೈಯಲ್ಲಿ ಹಿಡಿದು ಯೋಚನೆ ಮಾಡಿದೆ. ಮೂಸಿದೆ. ಮೂಸಿದರೂ ತಪ್ಪು ಅನ್ನುವವರಿದ್ದಾರೆ. ಹಣ್ಣಿನ ಹಾಗೆ ವಾಸನೆ ಬಂತು, ಬೇರೇನೂ ಗೊತ್ತಾಗಲಿಲ್ಲ. ಹೊರಗೆ ಹೋಗಿ ಗಿಡಕ್ಕೆ ಸುರಿದು ಬಂದು, ಬಕೆಟ್ಟಿನದ್ದನ್ನು ಬಾಟಲಿಗಳಿಗೆ ತುಂಬಿಟ್ಟೆ.

ಅಮಾವಾಸ್ಯೆಯ ದಿನ ಮಗಳು ರಜ ಹಾಕಿದಳು. ಮಟನ್ ಸಾರು, ಮುದ್ದೆ, ಕೋಳಿ ಹುರಿದದ್ದು, ವಡೆ, ಪಾಯಸ. ಯಾವುದರ ಉಪ್ಪೂ ನೋಡಲಿಲ್ಲ. ಸಾಂಬ್ರಾಣಿ ಹೊಗೆಗೆ ಚಾವಣಿಯ ಬೆಂಕಿ ಅಲಾರಂ ಕೂಗಬಾರದು ಅಂತ ಅನನ್ಯಾ ಅದಕ್ಕೆ ತಲೆಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದಳು. ಮಾವನವರದು ಒಂದು ಎಲೆ, ನಮ್ಮವರದು ಒಂದು. ಹೊಸ ಶರಟು ಮಡಿಸಿಟ್ಟೆ. ಬಾಟಲಿ ತಿರುಪಿದಾಗ ಉಸ್ಸೆಂದಿತು. ಲೋಟದಲ್ಲಿ ನೊರೆ ಏರಿ ನಿಂತಿತು.

ಅವರು ಬಂದು ಉಣ್ಣುವಾಗ ನೋಡಬಾರದು. ಬಾಗಿಲು ಮುಚ್ಚಿ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಎದುರಿನ ಯೂನಿಟ್ಟಿನವನು ಕಾರು ತೊಳೆಯುತ್ತಿದ್ದ. ಬೀಗದ ಕೈ ಕಳೆದುಕೊಂಡಿರಾ ಅಂತ ಕೇಳಿದ. ಇಲ್ಲ, ಅಪ್ಪ ಊಟ ಮಾಡ್ತಿದಾರೆ ಅಂದಳು ಅನನ್ಯಾ, ಇಂಗ್ಲಿಷಿನಲ್ಲಿ. ಅವನು ತಲೆಯಾಡಿಸಿ ಕಾರು ತೊಳೆದ.

ಕೂತಷ್ಟು ಹೊತ್ತೂ ನನ್ನ ಕಿವಿ ಬಾಗಿಲ ಕಡೆಗಿತ್ತು. ಏನೂ ಕೇಳಲಿಲ್ಲ. ಒಳಗಿರುವವರು ಸದ್ದು ಮಾಡದೆ ಉಣ್ಣುವವರಲ್ಲ.

ಚಪ್ಪಾಳೆ ತಟ್ಟಿ ಬಾಗಿಲು ತೆಗೆದೆವು. ನೊರೆ ಇಳಿದಿತ್ತು. ಎಲೆಗೆ ಕೈಮುಗಿದು, ಅವರ ಲೋಟವನ್ನು ಮಗಳ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು.

"ಕೆಟ್ಟಿದ್ಯಾ?"

"ನೋ ಅಮ್ಮ. ಇಟ್ಸ್ ಗುಡ್."

"ಅಪ್ಪ ಮಾಡ್ತಿದ್ದದ್ದರ ಹಾಗೇ ಇದ್ಯಾ?"

"ಇಟ್ಸ್ ರಿಯಲಿ ಗುಡ್."

"ನಾನು ಕೇಳಿದ್ದು ಅದಲ್ಲ."

ಅವಳು ಲೋಟವನ್ನು ಎಲೆಯ ಪಕ್ಕ ಇಟ್ಟಳು. "ಇಲ್ಲ. ಇದು ತುಂಬ ಕ್ಲೀನ್. ಅಪ್ಪಂದು ಇಷ್ಟು ಚೆನ್ನಾಗಿರ್ಲಿಲ್ಲ."

ಅಂದು ಅಳುತ್ತಾ ನಕ್ಕಳು. ನನಗೆ ತಿಳಿಯಿತು. ಯಾರು ಯಾರದೋ ಬಕೆಟ್ಟು, ಯಾರು ಯಾರದೋ ಗೀರು, ಅದರಲ್ಲಿ ಕೂತದ್ದೇ ಅವರ ರುಚಿಯಾಗಿತ್ತು. ಶುದ್ಧವಾಗಿರಲಿ ಅಂತ ನಾನು ಹೊಸದು ತಂದೆ. ಇನ್ನು ಬಂದಿದ್ದರೋ ಇಲ್ಲವೋ. ಬಂದಿದ್ದರೆ ಇದು ಯಾರ ಮನೆಯದು ಅಂದಿರುತ್ತಾರೆ.

"ಅವರದ್ದು ಹೇಗಿತ್ತು? ಹೇಳು ನಂಗೆ."

ಕಣ್ಣೊರೆಸಿಕೊಂಡು ಕೂತಳು. ಇಂಗ್ಲಿಷಿನಲ್ಲಿ ಶುರು ಮಾಡಿ ಬಿಟ್ಟಳು. ಕನ್ನಡದಲ್ಲಿ ಹುಡುಕಿ ಹುಡುಕಿ ಹೇಳಿದಳು.

"ಫಸ್ಟ್ ಸಿಹಿ. ಆಮೇಲೆ ಒದ್ದೆ ಪೇಪರ್ ಥರ. ಲಾಸ್ಟಲ್ಲಿ ಹುಳಿ. ಸ್ವಲ್ಪ. ನಾಲಗೆ ಸೈಡಲ್ಲಿ."

"ಯಾವ ಹುಳಿ? ಹುಣಸೆ ಹುಳೀನಾ?"

"ಅಲ್ಲ. ಮೊಸರು. ಫ್ರಿಜ್ಜಿಗೆ ಇಡೋದು ಮರ್ತುಬಿಟ್ಟಿರೋ ಮೊಸರು."

ನಾನು ಲೋಟ ಎತ್ತಿದೆ. 'ಕುಡಿದೆ' ಅಂದರೆ ಸುಳ್ಳಾಗುತ್ತದೆ. ಬಾಯಿ ತುಂಬ ತೆಗೆದುಕೊಂಡೆ. ಕಹಿ. ನುಂಗಲಿಲ್ಲ. ಕಣ್ಣು ಮುಚ್ಚಿ ಅದನ್ನು ನಾಲಗೆಯ ಪಕ್ಕಕ್ಕೆ ಸರಿಸಿ, ಅಲ್ಲಿ ಆ ಹುಳಿಯನ್ನು ಹುಡುಕಿದೆ. ಇನ್ನೂ ಹೇಳು, ಅಂತ ಮಗಳಿಗೆ ಕೈಸನ್ನೆ ಮಾಡಿದೆ.